ಸರ್ಕಾರಿ ಹರಾಜಿನ ಹಳೇ ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್: ಯಾವುದನ್ನು ತರಬೇಕು, ಯಾವುದನ್ನು ಬಿಡಬೇಕು?

ಒಂದೇ ಹರಾಜಿನ ಪಟ್ಟಿಯಲ್ಲಿ ಮೂರು ಎಲೆಕ್ಟ್ರಿಕ್ ಫೋರ್ಕ್‌ಲಿಫ್ಟ್‌ಗಳಿವೆ ಎಂದುಕೊಳ್ಳಿ. ಒಂದು ಓಡುತ್ತದೆ, ಆದರೆ ಕಾಲು ಗಂಟೆಗೆಲ್ಲ ಬ್ಯಾಟರಿ ಸೋಲುತ್ತದೆ. ಇನ್ನೊಂದರ ಮೈ ಹೊಸದರಂತಿದೆ, ಬ್ಯಾಟರಿಯೇ ಇಲ್ಲ. ಮೂರನೆಯದು ಎಲ್ಲಕ್ಕಿಂತ ಹೊಸ ಮಾಡೆಲ್. ಬ್ಯಾಟರಿಯೂ ಇದೆ. ಆದರೆ ಕೀ ತಿರುಗಿಸಿದರೆ ಪರದೆಯ ಮೇಲೆ ಒಂದು ಎರರ್ ಕೋಡ್ ಬಂದು ನಿಂತುಬಿಡುತ್ತದೆ. ಮೂರಕ್ಕೂ ಕೂಗು ಗುಜರಿ ಬೆಲೆಯ ಆಸುಪಾಸಿನಲ್ಲೇ ಶುರು. ಯಾವುದಕ್ಕೆ ಕೈ ಎತ್ತಬೇಕು?

ಸಣ್ಣ ವರ್ಕ್‌ಶಾಪ್ ಇಟ್ಟವರು, ಮರಗೆಲಸದವರು, ಹಳೇ ಯಂತ್ರ ಕೊಂಡು ಮಾರುವವರು ನನ್ನನ್ನು ಹೆಚ್ಚಾಗಿ ಕೇಳುವ ಪ್ರಶ್ನೆ ಇದೇ. ಎಲ್ಲರೂ ಮೊದಲು ಯಂತ್ರದ ಬೆಲೆ ಹೇಳುತ್ತಾರೆ. ನಾನು ತಿರುಗಿ ಮೂರು ಅಂಕಿ ಕೇಳುತ್ತೇನೆ: ಎಷ್ಟು ವೋಲ್ಟ್, ಬ್ಯಾಟರಿ ಕೂರುವ ಗುಂಡಿಯ ಅಳತೆ ಎಷ್ಟು, ನೇಮ್‌ಪ್ಲೇಟ್ ಮೇಲೆ ಬರೆದಿರುವ ಬ್ಯಾಟರಿಯ ಕನಿಷ್ಠ ತೂಕ ಎಷ್ಟು. ಈ ಮೂರು ಗೊತ್ತಿಲ್ಲದೆ ಕೂಗಿದರೆ ಅಗ್ಗದ ಯಂತ್ರವೂ ದುಬಾರಿಯಾಗುತ್ತದೆ. ಗೊತ್ತಿದ್ದರೆ ಕೆಟ್ಟು ನಿಂತ ಯಂತ್ರದಿಂದಲೂ ಹತ್ತು ವರ್ಷ ಕೆಲಸ ತೆಗೆಯಬಹುದು.

ಸರ್ಕಾರಿ ಯಂತ್ರಗಳ ಬಗ್ಗೆ ನನಗೆ ಒಲವಿದೆ, ಅದಕ್ಕೆ ಕಾರಣವೂ ಇದೆ. ಉಗ್ರಾಣ, ಸೇನೆ, ಅಂಚೆ, ಆಸ್ಪತ್ರೆಗಳಂಥ ಕಡೆ ಯಂತ್ರವನ್ನು ಸವೆದಿದೆ ಅಂತಲೇ ಮಾರುವುದಿಲ್ಲ. ವಯಸ್ಸು ಮುಗಿಯಿತು, ಉಗ್ರಾಣ ಮುಚ್ಚಿತು, ಹೊಸದಕ್ಕೆ ಹಣ ಮಂಜೂರಾಯಿತು ಎಂದು ಮಾರುವುದೇ ಜಾಸ್ತಿ. ಓಡಿದ ಗಂಟೆಗಳು ಕಡಿಮೆ ಇರುತ್ತವೆ. ಸರ್ವಿಸ್ ಕೂಡ ವೇಳಾಪಟ್ಟಿಯಂತೆ ನಡೆದಿರುತ್ತದೆ. ಆದರೆ ವಿಲೇವಾರಿಯ ಕಾಗದ ಮೇಜಿನಿಂದ ಮೇಜಿಗೆ ಹೋಗುವಷ್ಟರಲ್ಲಿ ಯಂತ್ರ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮೂಲೆಯಲ್ಲಿ ನಿಂತಿರುತ್ತದೆ. ಆ ಅವಧಿಯಲ್ಲಿ ಯಾರೂ ಚಾರ್ಜ್ ಮಾಡುವುದಿಲ್ಲ, ಯಾರೂ ನೀರು ಹಾಕುವುದಿಲ್ಲ. ಹಾಗಾಗಿ ಈ ಹರಾಜುಗಳಲ್ಲಿ ಸಿಗುವುದು ಸಾಮಾನ್ಯವಾಗಿ ಗಟ್ಟಿ ಮೈ, ಸತ್ತ ಬ್ಯಾಟರಿ. ಮಾರಾಟವೂ ಇದ್ದಲ್ಲಿ ಇದ್ದ ಹಾಗೆ. ಹಿಂದಿರುಗಿಸುವ ಮಾತೇ ಇಲ್ಲ.

ಮೊದಲು ನಿಮ್ಮ ಕೆಲಸವನ್ನು ಅಳೆಯಿರಿ

ಯಂತ್ರ ನೋಡಲು ಹೋಗುವ ಮುಂಚೆ ನಿಮ್ಮ ಜಾಗದಲ್ಲೇ ಟೇಪು ಹಿಡಿದು ಒಂದು ಸುತ್ತು ಹಾಕಿ.

ವಾರಕ್ಕೆ ಎಷ್ಟು ಗಂಟೆ ಓಡಿಸುತ್ತೀರಿ? ನನ್ನ ಲೆಕ್ಕದಲ್ಲಿ ಉಳಿದೆಲ್ಲ ತೀರ್ಮಾನ ನಿಂತಿರುವುದು ಇದರ ಮೇಲೆ. ವಾರಕ್ಕೆ ಎರಡು ಲಾರಿ ಇಳಿಸುವವರಿಗೂ ದಿನಕ್ಕೆ ಆರು ಗಂಟೆ ಓಡಿಸುವವರಿಗೂ ಒಂದೇ ಯಂತ್ರ ಹೊಂದುವುದಿಲ್ಲ. ಒಂದೂವರೆ ಟನ್ನಿನ ಯಂತ್ರ ಬಿಡುವಿಲ್ಲದೆ ದುಡಿದರೆ ಗಂಟೆಗೆ ಸುಮಾರು 4ರಿಂದ 5 ಯೂನಿಟ್ ಕರೆಂಟ್ ತಿನ್ನುತ್ತದೆ. ಅಲ್ಲೊಂದು ಇಲ್ಲೊಂದು ಎತ್ತುವ ಕೆಲಸವಾದರೆ ಅದಕ್ಕಿಂತ ತುಂಬಾ ಕಡಿಮೆ.

ಎಷ್ಟು ಭಾರ, ಎಷ್ಟು ಎತ್ತರ? ಇಲ್ಲಿ ತುಂಬಾ ಜನ ಎಡವುತ್ತಾರೆ. ಯಂತ್ರದ ಮೇಲೆ 1500 ಕೆಜಿ ಎಂದು ಬರೆದಿದ್ದರೆ, ಅದು ಭಾರದ ಮಧ್ಯಬಿಂದು ಫೋರ್ಕಿನ ಬುಡದಿಂದ 500 ಮಿ.ಮೀ. ದೂರದಲ್ಲಿದ್ದಾಗ ಮಾತ್ರ. ನಿಮ್ಮ ಸಾಮಾನು ಉದ್ದನೆಯ ಪೆಟ್ಟಿಗೆಯಾಗಿದ್ದು ಮಧ್ಯಬಿಂದು 700 ಮಿ.ಮೀ.ಗೆ ಹೋಯಿತು ಅನ್ನಿ. ಮುಂದಿನ ಚಕ್ರದ ಅಚ್ಚಿನಿಂದ ಫೋರ್ಕಿನ ಬುಡಕ್ಕೆ 400 ಮಿ.ಮೀ. ಇದೆ ಎಂದು ಹಿಡಿಯೋಣ. ಮೊದಲು ಒಟ್ಟು ದೂರ 900 ಇತ್ತು, ಈಗ 1100. 1500ನ್ನು 900ರಿಂದ ಗುಣಿಸಿ 1100ರಿಂದ ಭಾಗಿಸಿದರೆ ಸುಮಾರು 1227 ಕೆಜಿ. ಕಾಲು ಟನ್ನಿಗೂ ಹೆಚ್ಚು ಸಾಮರ್ಥ್ಯ ಹೋಯಿತು ನೋಡಿ. ಇದು ಅಂದಾಜಿನ ಲೆಕ್ಕ ಅಷ್ಟೇ, ಕೊನೆಯ ಮಾತು ನೇಮ್‌ಪ್ಲೇಟಿನದು. ಎತ್ತರಕ್ಕೆ ಹೋದಷ್ಟೂ, ಫೋರ್ಕನ್ನು ಪಕ್ಕಕ್ಕೆ ಸರಿಸುವ ಸೈಡ್‌ಶಿಫ್ಟ್‌ನಂಥ ಜೋಡಣೆ ಹಾಕಿದಷ್ಟೂ ಸಾಮರ್ಥ್ಯ ಇನ್ನೂ ಇಳಿಯುತ್ತದೆ.

ನೆಲ ಹೇಗಿದೆ? ನಯವಾದ ಕಾಂಕ್ರೀಟೋ, ಗುಂಡಿ ಬಿದ್ದ ಅಂಗಳವೋ? ಬಾಗಿಲಿನ ಎತ್ತರ ಎಷ್ಟು? ಮಾಸ್ಟ್ (ಫೋರ್ಕ್ ಏರಿಳಿಯುವ ಕಂಬ) ಪೂರ್ತಿ ಇಳಿಸಿದಾಗಲೂ ಬಾಗಿಲಿಗಿಂತ ಎತ್ತರ ಇದ್ದರೆ ಯಂತ್ರ ಹೊರಗೇ ನಿಲ್ಲಬೇಕಾಗುತ್ತದೆ.

ಕರೆಂಟ್ ಸಿಂಗಲ್ ಫೇಸೋ ತ್ರೀ ಫೇಸೋ? ದೊಡ್ಡ ಉಗ್ರಾಣಗಳಿಂದ ಬಂದ ಚಾರ್ಜರ್‌ಗಳು ಹೆಚ್ಚಾಗಿ ತ್ರೀ ಫೇಸ್. ಯಂತ್ರದ ಜೊತೆ ಚಾರ್ಜರ್ ಉಚಿತ ಅಂತ ಖುಷಿಯಿಂದ ತಂದು, ಮನೆಯಲ್ಲಿ ಸಿಕ್ಕಿಸಲು ಜಾಗವಿಲ್ಲದೆ ಸುಮ್ಮನೆ ಇಟ್ಟವರನ್ನು ಕಂಡಿದ್ದೇನೆ.

ಕೊನೆಯದು, ನಿಮ್ಮ ಕೈಯಲ್ಲಿ ಯಾವ ಕೆಲಸ ಇದೆ? ವೆಲ್ಡಿಂಗ್ ಮತ್ತು ಹೈಡ್ರಾಲಿಕ್ ಗೊತ್ತಿರುವವರಿಗೆ ಒಂದು ಯಂತ್ರ ಸರಿ. ಮಲ್ಟಿಮೀಟರ್ ಹಿಡಿದು ವೈರಿಂಗ್ ಹುಡುಕುವವರಿಗೆ ಇನ್ನೊಂದು.

ಯಾವ ಜಾತಿಯ ಯಂತ್ರ?

ಇದನ್ನು ಬೇಗ ಮುಗಿಸುತ್ತೇನೆ, ನಿಮ್ಮ ನೆಲವೇ ಅರ್ಧ ತೀರ್ಮಾನ ಮಾಡಿರುತ್ತದೆ.

ನಾಲ್ಕು ಚಕ್ರದ ಕೌಂಟರ್‌ಬ್ಯಾಲೆನ್ಸ್ ಯಂತ್ರ (ಮುಂದೆ ಎತ್ತಿದ ಭಾರವನ್ನು ಹಿಂದಿನ ತೂಕದಿಂದ ಸರಿದೂಗಿಸುವಂಥದ್ದು) ಎಲ್ಲಕ್ಕೂ ಸಲ್ಲುತ್ತದೆ, ತಿರುಗಲು ಮಾತ್ರ ಜಾಗ ಬೇಕು. ಮೂರು ಚಕ್ರದ್ದು ಇಕ್ಕಟ್ಟಿನಲ್ಲಿ ಚೆನ್ನಾಗಿ ತಿರುಗುತ್ತದೆ. ಸಣ್ಣ ವರ್ಕ್‌ಶಾಪಿಗೆ ನಾನು ಮೊದಲು ನೋಡುವುದು ಇದನ್ನೇ. ಆದರೆ ಇಳಿಜಾರಿನಲ್ಲಿ, ಏರುಪೇರು ನೆಲದಲ್ಲಿ ನಾಲ್ಕು ಚಕ್ರದಷ್ಟು ಭದ್ರ ಅಲ್ಲ.

ಎತ್ತರದ ರ‍್ಯಾಕುಗಳಿಗೆ ಫೋರ್ಕನ್ನು ಮುಂದಕ್ಕೆ ಚಾಚುವ ರೀಚ್ ಟ್ರಕ್‌ಗಳು ಹರಾಜಿನಲ್ಲಿ ಅಗ್ಗಕ್ಕೆ ಹೋಗುತ್ತವೆ. ಎತ್ತರದ ರ‍್ಯಾಕ್ ಇಲ್ಲದವರಿಗೆ ಅವು ಬೇಡ. ಚಕ್ರ ಸಣ್ಣದು, ಗಟ್ಟಿ ಪಾಲಿಯುರೆಥೇನಿನದು. ನೆಲದಲ್ಲಿ ಒಂದು ಬಿರುಕಿದ್ದರೂ ಮೈ ನಡುಗುತ್ತದೆ. ಮಾಸ್ಟ್ ಎತ್ತರ, ಸಾಗಿಸುವುದೂ ಕಷ್ಟ. ಬೆಲೆ ನೋಡಿ ಮನಸ್ಸು ಕರಗದಿರಲಿ.

ಹಿಂದೆ ನಡೆದುಕೊಂಡು ಓಡಿಸುವ ಸ್ಟ್ಯಾಕರ್ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಒಂದು ಟನ್ನಿನೊಳಗಿನ ಸಾಮಾನು, ನಯವಾದ ನೆಲ, ದಿನಕ್ಕೆ ಹತ್ತಾರು ಸಲ ಎತ್ತುವ ಕೆಲಸ ಇದ್ದರೆ ಇದೇ ಸಾಕು. ಬಹಳಷ್ಟು ಸ್ಟ್ಯಾಕರ್‌ಗಳು 24 ವೋಲ್ಟಿನವು, ಬ್ಯಾಟರಿ ಸಣ್ಣದು. ಅಗಲ ಕಾಲಿನದಲ್ಲದಿದ್ದರೆ ಮುಂದಿನ ಕಾಲುಗಳು ಪ್ಯಾಲೆಟ್ಟಿನೊಳಗೆ ಹೋಗಬೇಕು, ಅದೊಂದನ್ನು ನೋಡಿಕೊಳ್ಳಿ.

ಮದ್ದುಗುಂಡು ಅಥವಾ ಇಂಧನ ಇಡುವ ಉಗ್ರಾಣಗಳಿಂದ ಬಂದ ಯಂತ್ರಗಳ ಪ್ಲೇಟಿನ ಮೇಲೆ ‘ಇಇ’ ಅಥವಾ ‘ಇಎಕ್ಸ್’ ಎಂಬ ಗುರುತು ಇರಬಹುದು. ಕಿಡಿ ಹೊರಗೆ ಬರದಂತೆ ಮೋಟಾರು, ಸ್ವಿಚ್ಚು ಎಲ್ಲವನ್ನೂ ಮುಚ್ಚಿ ಮಾಡಿದ ಯಂತ್ರಗಳಿವು. ತುಂಬಾ ಗಟ್ಟಿ. ಆದರೆ ಒಂದು ಸ್ವಿಚ್ ಬದಲಿಸಬೇಕಾದರೂ ಅದೇ ದರ್ಜೆಯ ಬಿಡಿಭಾಗ ಬೇಕು. ಸಾಮಾನ್ಯ ಭಾಗ ಹಾಕಿದ ಕ್ಷಣ ಆ ದರ್ಜೆ ಹೋಗುತ್ತದೆ. ಸಾಧಾರಣ ವರ್ಕ್‌ಶಾಪಿಗೆ ಆ ದರ್ಜೆಯೇ ಬೇಕಿಲ್ಲ, ಅದರ ಖರ್ಚು ಯಾಕೆ ಹೊರುತ್ತೀರಿ?

ಹಳೇ ಡಿಸಿಯೋ, ಹೊಸ ಎಸಿಯೋ?

ಇಲ್ಲಿ ನಿಜವಾದ ಕೊಡು-ಕೊಳ್ಳು ಇದೆ, ಸ್ವಲ್ಪ ನಿಧಾನಿಸೋಣ.

ಹಳೇ ಯಂತ್ರಗಳಲ್ಲಿ ಡಿಸಿ ಮೋಟಾರ್. ಒಳಗೆ ಕಾರ್ಬನ್ ಬ್ರಷ್, ತಾಮ್ರದ ಕಮ್ಯುಟೇಟರ್. ಮುಂದೆ ಹಿಂದೆ ಓಡಿಸಲು ದೊಡ್ಡ ಕಂಟ್ಯಾಕ್ಟರ್‌ಗಳು (ಕರೆಂಟಿನಿಂದ ಎಳೆಯಲ್ಪಡುವ ಸ್ವಿಚ್ಚುಗಳು) ಟಪ್ ಟಪ್ ಎಂದು ಬೀಳುತ್ತವೆ. ಬ್ರಷ್ ಸವೆಯುತ್ತದೆ, ಕಂಟ್ಯಾಕ್ಟರ್ ತುದಿ ಸುಡುತ್ತದೆ. ಆದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಮೋಟಾರಿನ ವೇಗ ಹಿಡಿತದಲ್ಲಿಡುವ ಕಂಟ್ರೋಲರ್ ಸತ್ತರೆ ಅಷ್ಟೇ ವೋಲ್ಟಿನ, ಅಷ್ಟೇ ಕರೆಂಟ್ ತಾಳುವ ಬೇರೆ ಕಂಪನಿಯ ಡಿಸಿ ಕಂಟ್ರೋಲರ್ ಹಾಕಿ ಓಡಿಸಬಹುದು. ಕರ್ಟಿಸ್ ಥರದ ಕಂಟ್ರೋಲರ್‌ಗಳು ಹಳೇದರಲ್ಲೂ ಸಿಗುತ್ತವೆ. ಇನ್ನೂ ಹಿಂದಿನ ಎಸ್‌ಸಿಆರ್ (ಥೈರಿಸ್ಟರ್ ಎಂಬ ಹಳೇ ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಕಂಟ್ರೋಲರ್ ಇರುವ ಯಂತ್ರವಾದರೆ ಅದರ ಕಾರ್ಡುಗಳು ಅಪರೂಪ. ಅಂಥದ್ದು ಓಡುತ್ತಿದ್ದರೆ ಮಾತ್ರ ಕೊಳ್ಳಿ, ಇಲ್ಲವೇ ಕಂಟ್ರೋಲರ್ ಪೂರ್ತಿ ಬದಲಿಸುವ ಖರ್ಚನ್ನು ಲೆಕ್ಕಕ್ಕೆ ಸೇರಿಸಿ.

2000ದ ನಂತರದ ಯಂತ್ರಗಳಲ್ಲಿ ಎಸಿ ಮೋಟಾರ್ ಹೆಚ್ಚಾಗುತ್ತಾ ಬಂತು. ಬ್ರಷ್ ಇಲ್ಲ, ಸವೆತ ಕಡಿಮೆ, ಬ್ರೇಕ್ ಹಿಡಿದಾಗ ಕರೆಂಟ್ ಬ್ಯಾಟರಿಗೆ ಮರಳುತ್ತದೆ. ದಿನವಿಡೀ ಓಡಿಸುವವರಿಗೆ ಇದೇ ಒಳ್ಳೆಯದು, ಅನುಮಾನವಿಲ್ಲ. ಕೆಟ್ಟಾಗ ಮಾತ್ರ ಕಥೆ ಬೇರೆ. ಮೋಟಾರು, ಅದರ ಸ್ಪೀಡ್ ಸೆನ್ಸರು, ಕಂಟ್ರೋಲರು, ಡಿಸ್‌ಪ್ಲೇ ಎಲ್ಲ ಒಂದಕ್ಕೊಂದು ಹೊಂದಿಕೊಂಡು ಬಂದಿರುತ್ತವೆ. ಎರರ್ ಕೋಡ್ ಅಳಿಸಲು, ಸೆಟ್ಟಿಂಗ್ ಬದಲಿಸಲು ತಯಾರಕರ ಹ್ಯಾಂಡ್‌ಸೆಟ್ (ಯಂತ್ರಕ್ಕೆ ಸಿಕ್ಕಿಸುವ ಕೈ ಉಪಕರಣ) ಬೇಕಾಗಬಹುದು.

ಹಾಗಾದರೆ ಎರರ್ ಕೋಡ್ ತೋರಿಸುವ ಆ ಮೂರನೇ ಯಂತ್ರ? ಕೋಡ್ ಬರೆದುಕೊಂಡು ಬಂದು ಕೈಪಿಡಿಯಲ್ಲಿ ಹುಡುಕಿ. ಸೀಟ್ ಸ್ವಿಚ್, ಪೆಡಲ್ ಸೆನ್ಸರ್, ಕಡಿಮೆ ವೋಲ್ಟೇಜ್ ಎಂದಿದ್ದರೆ ಅದೃಷ್ಟ, ಸಣ್ಣ ಕೆಲಸ. ಸತ್ತ ಬ್ಯಾಟರಿಯಿಂದಲೇ ನಾನಾ ಕೋಡ್ ಬರುವುದುಂಟು. ಕಂಟ್ರೋಲರ್ ಒಳಗಿನ ದೋಷ ಎಂದಿದ್ದರೆ, ಅದೇ ಮಾಡೆಲ್ಲಿನ ಇನ್ನೊಂದು ಯಂತ್ರ ಅದೇ ಹರಾಜಿನಲ್ಲಿ ಇಲ್ಲದ ಹೊರತು ಬಿಟ್ಟುಬಿಡಿ. ಎರಡು ಒಂದೇ ಮಾಡೆಲ್ ಒಟ್ಟಿಗೆ ಬಂದರೆ ಎರಡನ್ನೂ ತಂದು ಒಂದನ್ನು ಎಬ್ಬಿಸುವುದು ಒಳ್ಳೆಯ ದಾರಿ. ಜಾಗ ಮತ್ತು ಎರಡು ಸಲದ ಸಾಗಣೆಗೆ ದುಡ್ಡು ಇರಬೇಕು, ಅಷ್ಟೇ.

ನೋಡುವ ದಿನ

ಒಮ್ಮೆ ಒಂದು ಹರಾಜಿನ ಪಟ್ಟಿಯಲ್ಲಿ ‘ಬ್ಯಾಟರಿ ಸಹಿತ, ಸುಸ್ಥಿತಿ’ ಎಂದು ಓದಿ ಯಂತ್ರ ತಂದೆ. ನೋಡುವ ದಿನ ಸೆಲ್‌ಗಳ ಮುಚ್ಚಳ ತೆರೆಯಲು ಅಲ್ಲಿಯವರು ಬಿಡಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ತಂದಮೇಲೆ ತೆರೆದು ನೋಡಿದರೆ 18 ಸೆಲ್‌ಗಳಲ್ಲಿ 7 ಪೂರ್ತಿ ಒಣಗಿದ್ದವು. ಅಂದಿನಿಂದ ಮುಚ್ಚಳ ತೆರೆಯಲು ಬಿಡದ ಕಡೆ ಬ್ಯಾಟರಿಯ ಬೆಲೆ ಸೊನ್ನೆ ಎಂದೇ ಲೆಕ್ಕ ಹಾಕುತ್ತೇನೆ. ನೀವೂ ಹಾಗೇ ಮಾಡಿ.

ಚೀಲದಲ್ಲಿ ಮಲ್ಟಿಮೀಟರ್, ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ಅಳೆಯಲು), ಕ್ಯಾಲಿಪರ್ (ದಪ್ಪ ಅಳೆಯಲು), ಟೇಪು, ಟಾರ್ಚ್, ಕನ್ನಡಕ, ಕೈಗವಸು ಇರಲಿ. ಉಂಗುರ, ವಾಚು ತೆಗೆದಿಡಿ. ಈ ಬ್ಯಾಟರಿಗಳನ್ನು ಆಫ್ ಮಾಡಲು ಬರುವುದಿಲ್ಲ. ಒಂದು ಸ್ಪ್ಯಾನರ್ ಎರಡು ತುದಿಗೆ ತಾಗಿದರೆ ಸಾವಿರಾರು ಆಂಪಿಯರ್ ಹರಿದು ಲೋಹ ಕರಗುತ್ತದೆ.

ಫೋರ್ಕಿನಿಂದ ಶುರು ಮಾಡಿ. ಬುಡದ ಬಾಗಿನಲ್ಲಿ ದಪ್ಪ ಅಳೆಯಿರಿ, ನೆಟ್ಟಗೆ ನಿಂತ ಭಾಗದ ದಪ್ಪಕ್ಕೆ ಹೋಲಿಸಿ. ಐಎಸ್‌ಒ 5057 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ದಪ್ಪ 10% ಸವೆದರೆ ಫೋರ್ಕನ್ನು ಕೆಲಸದಿಂದ ತೆಗೆಯಬೇಕು. ಅಂದರೆ 40 ಮಿ.ಮೀ. ಇದ್ದದ್ದು 36ಕ್ಕೆ ಇಳಿದರೆ ಮುಗಿಯಿತು. ಬಾಗಿನಲ್ಲಿ ಬಿರುಕು, ಯಾರೋ ಹಾಕಿದ ವೆಲ್ಡಿಂಗ್, ಕೊರೆದ ತೂತು ಇದ್ದರೆ ಅಳೆಯುವುದೂ ಬೇಡ, ಬದಲಿಸುವ ಖರ್ಚು ಬರೆದುಕೊಳ್ಳಿ. ಚೈನ್ ಹಿಗ್ಗಿದೆಯೇ ನೋಡಿ. ಹೊಸದಿದ್ದಾಗ 300 ಮಿ.ಮೀ. ಇದ್ದ ಉದ್ದ 309 ಮುಟ್ಟಿದರೆ 3% ಆಯಿತು, ಬದಲಿಸಲೇಬೇಕು. ಕೆಲವು ತಯಾರಕರು ಇನ್ನೂ ಬೇಗ ಬದಲಿಸಿ ಎನ್ನುತ್ತಾರೆ.

ಸಿಲಿಂಡರಿನ ರಾಡು ಹೊಳೆಯುತ್ತಿರಬೇಕು. ತುಕ್ಕಿನ ಗುಳಿ ಇದ್ದರೆ ಹೊಸ ಸೀಲ್ ಹಾಕಿದರೂ ಆಯಿಲ್ ಸೋರುತ್ತದೆ. ಹೋಸ್‌ಗಳು ಬಿರಿದಿರುವುದು ಸಹಜ, ಅದಕ್ಕೆ ಹೆದರಬೇಡಿ. ಯಂತ್ರ ಓಡುತ್ತಿದ್ದರೆ ಭಾರ ಎತ್ತಿಸಿ, ಹತ್ತು ನಿಮಿಷ ದೂರ ನಿಂತು ನೋಡಿ. ಅಷ್ಟರಲ್ಲಿ ಕಣ್ಣಿಗೆ ಕಾಣುವಷ್ಟು ಕೆಳಗೆ ಜಾರಿದರೆ ಸೀಲ್ ಅಥವಾ ವಾಲ್ವ್ ಕೆಲಸ ಇದೆ. ಎತ್ತಿದ ಫೋರ್ಕಿನ ಕೆಳಗೆ ಮಾತ್ರ ಯಾವ ಕಾರಣಕ್ಕೂ ಹೋಗಬೇಡಿ.

ಟಯರು ಸವೆದಿದ್ದರೆ ಅದೂ ದೊಡ್ಡ ಖರ್ಚೇ. ರಿಮ್ಮಿಗೆ ಒತ್ತಿ ಕೂರಿಸುವ ಗಟ್ಟಿ ಟಯರುಗಳಿಗೆ ಪ್ರೆಸ್ ಬೇಕು, ಮನೆಯಲ್ಲಿ ಆಗುವ ಕೆಲಸ ಅಲ್ಲ.

ಬ್ಯಾಟರಿ ಇಲ್ಲದ ಯಂತ್ರವನ್ನು ಪರೀಕ್ಷಿಸುವುದು ಹೇಗೆ ಎಂದು ಕೇಳುತ್ತಾರೆ. ಮಾರುವವರು ಒಪ್ಪಿದರೆ 12 ವೋಲ್ಟಿನ ಒಳ್ಳೆಯ ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ: 24 ವೋಲ್ಟಿಗೆ ಎರಡು, 36ಕ್ಕೆ ಮೂರು, 48ಕ್ಕೆ ನಾಲ್ಕು. ನಡುವೆ ಸರಿಯಾದ ಫ್ಯೂಸ್ ಇರಲಿ. ಪ್ಲಸ್ ಮೈನಸ್ ಎರಡು ಸಲ ನೋಡಿಕೊಳ್ಳಿ, ತಿರುಗಿಸಿ ಕೊಟ್ಟರೆ ಕಂಟ್ರೋಲರ್ ಅಲ್ಲೇ ಹೋಗುತ್ತದೆ. ಖಾಲಿ ಫೋರ್ಕ್ ಎತ್ತಲು, ಮುಂದೆ ಹಿಂದೆ ಒಂದೆರಡು ಅಡಿ ಸರಿಸಲು ಇಷ್ಟು ಸಾಕು. ಕನೆಕ್ಟರಿನ ಬಣ್ಣವೂ ಸುಳಿವು ಕೊಡುತ್ತದೆ. ಆಂಡರ್ಸನ್ ಎಸ್‌ಬಿ ಕನೆಕ್ಟರ್‌ಗಳಲ್ಲಿ ಕೆಂಪು 24, ಬೂದು 36, ನೀಲಿ 48 ವೋಲ್ಟಿಗೆ. ಹಿಂದೆ ಯಾರಾದರೂ ಬದಲಿಸಿರಬಹುದು, ಹಾಗಾಗಿ ನೇಮ್‌ಪ್ಲೇಟ್ ನೋಡದೆ ಬಣ್ಣವನ್ನು ನಂಬಬೇಡಿ. ಪ್ಲೇಟಿನ ಮೇಲೆ ಬಣ್ಣ ಬಳಿದಿದ್ದರೆ ನಿಧಾನಕ್ಕೆ ಕೆರೆದು ಓದಿ. ಪ್ಲೇಟೇ ಇಲ್ಲದಿದ್ದರೆ ಸೀರಿಯಲ್ ನಂಬರ್ ಹಿಡಿದು ತಯಾರಕರನ್ನು ಕೇಳುವವರೆಗೆ ಕೂಗಬೇಡಿ.

ಬ್ಯಾಟರಿ: ಇಲ್ಲೇ ದುಡ್ಡು ಇರುವುದು

ಹಳೇ ಲೆಡ್-ಆಸಿಡ್ ಬ್ಯಾಟರಿಯನ್ನೇ ಎಬ್ಬಿಸುವುದು ಮೊದಲ ದಾರಿ. 36 ವೋಲ್ಟ್ ಎಂದರೆ 2 ವೋಲ್ಟಿನ 18 ಸೆಲ್. ಪ್ರತಿ ಸೆಲ್ ಬೇರೆ ಬೇರೆಯಾಗಿ ಅಳೆಯಿರಿ. ಪೂರ್ತಿ ಚಾರ್ಜ್ ಆಗಿ ವಿಶ್ರಾಂತಿಯಲ್ಲಿರುವ ಸೆಲ್ ಸುಮಾರು 2.12 ವೋಲ್ಟ್ ತೋರಿಸುತ್ತದೆ, ಹೈಡ್ರೋಮೀಟರಿನಲ್ಲಿ ಆಸಿಡ್ 1.280ರ ಸುತ್ತ ಇರುತ್ತದೆ. ಎಲ್ಲ ಸೆಲ್‌ಗಳೂ ಒಂದೇ ಸಮ ಕೆಳಗಿದ್ದರೆ ಆಸೆ ಇದೆ, ಬ್ಯಾಟರಿ ಬರೀ ಹಸಿದಿದೆ. ಒಂದೆರಡು ಸೆಲ್ ಮಾತ್ರ ಸೊನ್ನೆಯಲ್ಲಿದ್ದರೆ ಆ ಸೆಲ್‌ಗಳನ್ನೇ ಬದಲಿಸಬಹುದು. ಸೆಲ್ ಒಳಗಿನ ಸೀಸದ ಪ್ಲೇಟ್‌ಗಳು ನೀರಿನಿಂದ ಹೊರಗೆ ಬಂದು ಬಹಳ ಕಾಲ ಒಣಗಿದ್ದರೆ ಆ ಭಾಗ ಮರಳಿ ಬರುವುದಿಲ್ಲ.

ಎಬ್ಬಿಸುವಾಗ ಆತುರ ಬೇಡ. ಪ್ಲೇಟ್ ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಿ, ಅದಕ್ಕಿಂತ ಹೆಚ್ಚು ಬೇಡ. ಚಾರ್ಜ್ ಆಗುವಾಗ ಮಟ್ಟ ಏರುತ್ತದೆ, ಮೊದಲೇ ತುಂಬಿಸಿದರೆ ಆಸಿಡ್ ಉಕ್ಕಿ ಹೊರಬರುತ್ತದೆ. ಉಳಿದ ನೀರು ಚಾರ್ಜ್ ಮುಗಿದಮೇಲೆ. ಆಟೊಮ್ಯಾಟಿಕ್ ಚಾರ್ಜರ್‌ಗಳು ವೋಲ್ಟೇಜ್ ತೀರಾ ಕಡಿಮೆ ಇದ್ದರೆ ಶುರುವೇ ಆಗುವುದಿಲ್ಲ. ಆಗ ಕಡಿಮೆ ಕರೆಂಟಿನ ಸಣ್ಣ ಚಾರ್ಜರ್‌ನಲ್ಲಿ ಕೆಲವು ಸೆಲ್‌ಗಳ ಗುಂಪಿಗೆ ನಿಧಾನಕ್ಕೆ ಕೊಟ್ಟು ಮೇಲೆ ತರಬೇಕು. ಒಂದೇ ಸಲಕ್ಕೆ ಗುಣ ಕಾಣದು. ಚಾರ್ಜ್, ಸ್ವಲ್ಪ ಕೆಲಸ, ಮತ್ತೆ ಚಾರ್ಜ್, ಹೀಗೆ ಹಲವು ಸುತ್ತು ಬೇಕು. ಜಾಗದಲ್ಲಿ ಗಾಳಿ ಆಡುತ್ತಿರಲಿ. ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಗಾಳಿಯಲ್ಲಿ ಅದು 4% ಸೇರಿದರೆ ಒಂದು ಕಿಡಿ ಸಾಕು. ಬ್ಯಾಟರಿಯ ಮೇಲೆ ಒಣಗಿದ ಆಸಿಡ್ಡನ್ನು ಅಡುಗೆ ಸೋಡಾ ಕರಗಿಸಿದ ನೀರಿನಿಂದ ತೊಳೆಯಿರಿ, ಸೋಡಾ ಸೆಲ್ ಒಳಗೆ ಹೋಗದಂತೆ ಮುಚ್ಚಳ ಬಿಗಿಯಾಗಿರಲಿ. ಆ ಕೊಳೆಯ ಪದರದಲ್ಲೇ ಕರೆಂಟ್ ಯಂತ್ರದ ಮೈಗೆ ಸೋರುತ್ತಿರುತ್ತದೆ.

ಕೊನೆಗೆ ಪರೀಕ್ಷೆ ಭಾರದ ಮೇಲೆ. ಒಬ್ಬರು ಎತ್ತುವ ಲಿವರ್ ಹಿಡಿದಿರಲಿ, ಇನ್ನೊಬ್ಬರು ಸೆಲ್ ಒಂದೊಂದಾಗಿ ಅಳೆಯಲಿ. ಉಳಿದವು ನಿಂತಿರುವಾಗ ಒಂದು ಸೆಲ್ 1.7ಕ್ಕಿಂತ ಕೆಳಗೆ ಕುಸಿದರೆ ಕಳ್ಳ ಸಿಕ್ಕಿದ ಹಾಗೆ. ವಾರಕ್ಕೆ ಒಂದೆರಡು ಗಂಟೆಯ ಕೆಲಸಕ್ಕೆ, ಸಮಯ ಇದ್ದು ಹಣ ಇಲ್ಲದವರಿಗೆ ಇದೇ ಸರಿಯಾದ ದಾರಿ. ಅರ್ಧ ಸಾಮರ್ಥ್ಯ ಮರಳಿ ಬಂದರೂ ಅವರಿಗೆ ಸಾಕಷ್ಟೇ.

ಎರಡನೆಯದು, ರಿಪೇರಿ ಮಾಡಿ ಮಾರುವ ಹಳೇ ಲೆಡ್-ಆಸಿಡ್ ಬ್ಯಾಟರಿ. ತೂಕ, ಅಳತೆ, ಚಾರ್ಜರ್ ಎಲ್ಲ ಹೊಂದುತ್ತದೆ. ಕೊಳ್ಳುವಾಗ ಡಿಸ್‌ಚಾರ್ಜ್ ಪರೀಕ್ಷೆಯ ಕಾಗದ ಕೇಳಿ. ಕೊಡದಿದ್ದರೆ ಬೇರೆಯವರ ಹತ್ತಿರ ಹೋಗಿ.

ಹೊಸ ಲೆಡ್-ಆಸಿಡ್ ಮೂರನೆಯದು. ಸಾಮಾನ್ಯವಾಗಿ ಸುಮಾರು 1500 ಸಲ ಚಾರ್ಜ್ ಮಾಡುವಷ್ಟು ಬಾಳುತ್ತದೆ, ದಿನಕ್ಕೊಂದು ಪಾಳಿಯಾದರೆ ಸುಮಾರು ಐದು ವರ್ಷ. ನೀರು ಹಾಕುವ ಶಿಸ್ತು ಬೇಕು, 80%ಗಿಂತ ಹೆಚ್ಚು ಖಾಲಿ ಮಾಡಬಾರದು, 8 ಗಂಟೆ ಚಾರ್ಜಿಗೆ, ಇನ್ನೊಂದಿಷ್ಟು ತಣಿಯಲು ಬಿಡಬೇಕು. ಹರಾಜಿನಲ್ಲಿ ಕೊಂಡ ಯಂತ್ರಕ್ಕಿಂತ ಈ ಬ್ಯಾಟರಿಯೇ ಎಷ್ಟೋ ಪಟ್ಟು ದುಬಾರಿ ಆಗಬಹುದು. ದಿನವೂ ದುಡಿಸುವವರಿಗೆ ಮಾತ್ರ ಇದು ಗಿಟ್ಟುತ್ತದೆ.

ಗಾಲ್ಫ್ ಬಂಡಿಯ 6 ವೋಲ್ಟಿನ ಬ್ಯಾಟರಿ ಆರು ಸೇರಿಸಿ 36 ಮಾಡುವವರಿದ್ದಾರೆ. ತಲಾ ಸುಮಾರು 225 ಎಎಚ್ (ಆಂಪಿಯರ್-ಗಂಟೆ, ಬ್ಯಾಟರಿಯ ಸಾಮರ್ಥ್ಯದ ಅಳತೆ), 28 ಕೆಜಿ. ಅಗ್ಗ, ಸುಲಭ. ಆದರೆ ಆ 225 ಎಎಚ್ ಎಂಬುದು 20 ಗಂಟೆ ನಿಧಾನಕ್ಕೆ ಎಳೆದಾಗಿನ ಅಂಕಿ. ಫೋರ್ಕ್‌ಲಿಫ್ಟ್ ಒಮ್ಮೆಲೇ ನೂರಾರು ಆಂಪಿಯರ್ ಎಳೆಯುತ್ತದೆ, ಆಗ ಸಿಗುವುದು ತುಂಬಾ ಕಡಿಮೆ. ತಿಂಗಳಿಗೆ ನಾಲ್ಕು ಸಲ ಎತ್ತುವವರಿಗೆ ಪರವಾಗಿಲ್ಲ.

ಇನ್ನು ಲಿಥಿಯಂ. ಈಗ ಎಲ್ಲರ ಕಣ್ಣೂ ಇದರ ಮೇಲೆ, ನನ್ನದೂ ಸೇರಿ. 3.2 ವೋಲ್ಟಿನ, 280 ಎಎಚ್‌ನ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ 12 ಸಾಲಾಗಿ ಇಟ್ಟರೆ 38.4 ವೋಲ್ಟ್, ಸುಮಾರು 10.7 ಯೂನಿಟ್. ನೀರು ಬೇಡ, ಆಸಿಡ್ ಇಲ್ಲ, ಊಟದ ಬಿಡುವಿನಲ್ಲೂ ಚಾರ್ಜಿಗೆ ಹಾಕಬಹುದು, ತಿಂಗಳುಗಟ್ಟಲೆ ನಿಲ್ಲಿಸಿದರೂ ಅಷ್ಟು ಬೇಗ ಕೆಡುವುದಿಲ್ಲ. ಅಪರೂಪಕ್ಕೆ ಓಡಿಸುವವರಿಗೆ ಈ ಕೊನೆಯ ಗುಣವೇ ದೊಡ್ಡದು. ಲೆಡ್-ಆಸಿಡ್ ಸಾಯುವುದು ಕೆಲಸದಿಂದಲ್ಲ, ಸುಮ್ಮನೆ ನಿಂತದ್ದರಿಂದ ಎಂಬುದನ್ನು ಸರ್ಕಾರಿ ಹರಾಜುಗಳಲ್ಲಿ ನೋಡುತ್ತಲೇ ಇದ್ದೇವಲ್ಲ.

ತೊಂದರೆ ತೂಕದ್ದು. ಆ 12 ಸೆಲ್ ಒಟ್ಟು 65 ಕೆಜಿ ಸುಮಾರು. ನೇಮ್‌ಪ್ಲೇಟ್ ಕೇಳುವುದು 800, 1000 ಕೆಜಿ ಇರಬಹುದು. ಫೋರ್ಕ್‌ಲಿಫ್ಟಿನಲ್ಲಿ ಬ್ಯಾಟರಿ ಬರೀ ಕರೆಂಟಿಗಲ್ಲ, ಎತ್ತಿದ ಭಾರಕ್ಕೆ ಹಿಂದಿನಿಂದ ಜಗ್ಗುವ ತೂಕವೂ ಅದೇ. ಅದನ್ನು ತೆಗೆದು ಹಗುರ ಬ್ಯಾಟರಿ ಇಟ್ಟು ಪೂರ್ತಿ ಭಾರ ಎತ್ತಿದರೆ ಯಂತ್ರ ಮೂಗಿನ ಮೇಲೆ ಬೀಳುತ್ತದೆ. ಕೊರತೆಯ ತೂಕವನ್ನು ದಪ್ಪ ಉಕ್ಕಿನ ಹಲಗೆಗಳಿಂದ ತುಂಬಿ, ಅಲುಗದಂತೆ ಬೋಲ್ಟ್ ಹಾಕಬೇಕು. ಹಳೇ ಬ್ಯಾಟರಿ ಕೂತಿದ್ದ ಜಾಗದಲ್ಲೇ, ಅದೇ ಎತ್ತರದಲ್ಲಿ ಕೂರಬೇಕು. ಕೆಲಸದ ಜಾಗದಲ್ಲಿ ಓಡಿಸುವುದಾದರೆ ಇಂಥ ಬದಲಾವಣೆಗೆ ತಯಾರಕರ ಲಿಖಿತ ಒಪ್ಪಿಗೆ ಕೇಳುವ ನಿಯಮಗಳಿವೆ, ನಿಮ್ಮಲ್ಲಿನ ನಿಯಮ ಮೊದಲೇ ವಿಚಾರಿಸಿ. ಗಾಲ್ಫ್ ಬ್ಯಾಟರಿಗೂ ಇದೇ ಮಾತು, ಆರು ಸೇರಿದರೂ 170 ಕೆಜಿ ದಾಟುವುದಿಲ್ಲ.

ಎರಡನೇ ತೊಂದರೆ ಬಿಎಂಎಸ್, ಅಂದರೆ ಲಿಥಿಯಂ ಸೆಲ್‌ಗಳನ್ನು ಕಾಯುವ, ಮಿತಿ ಮೀರಿದರೆ ಕರೆಂಟ್ ಕಡಿಯುವ ಎಲೆಕ್ಟ್ರಾನಿಕ್ ಬೋರ್ಡು. ಪಂಪು ಮತ್ತು ಚಕ್ರ ಒಟ್ಟಿಗೆ ಎಳೆದಾಗ 100 ಆಂಪಿಯರಿನ ಅಗ್ಗದ ಬಿಎಂಎಸ್ ತಕ್ಷಣ ಕಡಿತ ಮಾಡುತ್ತದೆ. ಭಾರ ಗಾಳಿಯಲ್ಲಿರುವಾಗ ಯಂತ್ರ ಸತ್ತರೆ ಹೇಗಿರುತ್ತದೆ ಊಹಿಸಿ. ಬ್ರೇಕಿನಲ್ಲಿ ಕರೆಂಟ್ ಮರಳಿಸುವ ಎಸಿ ಯಂತ್ರಗಳಲ್ಲಿ ಇನ್ನೂ ಎಚ್ಚರ ಬೇಕು. ಆ ಕ್ಷಣ ಬಿಎಂಎಸ್ ತೆರೆದುಕೊಂಡರೆ ವೋಲ್ಟೇಜ್ ಜಿಗಿದು ಕಂಟ್ರೋಲರಿಗೆ ಪೆಟ್ಟು. ಸೊನ್ನೆ ಡಿಗ್ರಿಗಿಂತ ಕೆಳಗೆ ಈ ಸೆಲ್‌ಗಳನ್ನು ಚಾರ್ಜ್ ಮಾಡಬಾರದು. ಹಳೇ ಬ್ಯಾಟರಿ ಮೀಟರ್ ಕೂಡ ತಪ್ಪು ತೋರಿಸುತ್ತದೆ, ಅದು ಲೆಡ್-ಆಸಿಡ್ ವೋಲ್ಟೇಜ್ ಇಳಿಯುವ ರೀತಿಗೆ ಹೊಂದಿಸಿದ್ದು. ಹಳೇ ಚಾರ್ಜರನ್ನು ಲಿಥಿಯಂಗೆ ಹಾಕಲೇಬೇಡಿ.

ವಿದ್ಯುತ್ ಕಾರುಗಳಿಂದ ಕಳಚಿದ ಬ್ಯಾಟರಿ ಹಾಕುವ ಯೋಚನೆಯೂ ಬರುತ್ತದೆ. ಸೆಲ್ ಮಟ್ಟದಲ್ಲಿ ಕೆಲಸ ಮಾಡಿ ಅನುಭವ ಇದ್ದವರಿಗೆ ಮಾತ್ರ ಅದು. ಅವುಗಳ ರಸಾಯನ ಬೇರೆ, ಬೆಂಕಿ ಹತ್ತಿದರೆ ಆರಿಸುವುದು ತುಂಬಾ ಕಷ್ಟ.

ಯಾರಿಗೆ ಯಾವುದು

ಈಗ ಆ ಮೂರು ಯಂತ್ರಗಳಿಗೆ ಬರೋಣ.

ವಾರಕ್ಕೆ ಒಂದೆರಡು ಗಂಟೆ, ಕೈಯಲ್ಲಿ ಕೆಲಸ ಇದೆ, ಬಜೆಟ್ ಸಣ್ಣದು: ಓಡುವ, ಬ್ಯಾಟರಿ ಸೋತ ಯಂತ್ರ. ಅದು ಡಿಸಿ ಆಗಿದ್ದರೆ ಇನ್ನೂ ಒಳ್ಳೆಯದು. ಮೈ ಚೆನ್ನಾಗಿದೆ ಎಂದು ಕಣ್ಣಾರೆ ಕಂಡಿರುತ್ತೀರಿ, ಹಳೇ ಬ್ಯಾಟರಿಯೇ ತೂಕವಾಗಿ ಕೂತಿರುತ್ತದೆ, ಎಬ್ಬಿಸಲು ಸಮಯ ಸಿಗುತ್ತದೆ.

ಬಜೆಟ್ ಮಧ್ಯಮ, ಅಪರೂಪದ ಬಳಕೆ, ವರ್ಷಗಟ್ಟಲೆ ತಲೆನೋವು ಬೇಡ: ಬ್ಯಾಟರಿಯೇ ಇಲ್ಲದ ಗಟ್ಟಿ ಯಂತ್ರ, ಲಿಥಿಯಂ, ಉಕ್ಕಿನ ತೂಕ. ನನ್ನನ್ನು ಕೇಳಿದರೆ ಅತಿ ಹೆಚ್ಚು ಜನರಿಗೆ ಹೊಂದುವುದು ಇದೇ. ಬ್ಯಾಟರಿ ಇಲ್ಲ ಅಂದ ಕೂಡಲೇ ಉಳಿದವರು ಹಿಂದೆ ಸರಿಯುತ್ತಾರೆ, ಕೂಗು ಏರುವುದಿಲ್ಲ.

ದಿನವೂ ಹಲವು ಗಂಟೆ ದುಡಿಸಬೇಕು: ಕಡಿಮೆ ಗಂಟೆ ಓಡಿದ ಎಸಿ ಯಂತ್ರ, ಹೊಸ ಬ್ಯಾಟರಿ. ಮೊದಲೇ ಒಬ್ಬ ಸರ್ವಿಸ್ ಮೆಕ್ಯಾನಿಕ್ ಜೊತೆ ಮಾತಾಡಿಟ್ಟುಕೊಳ್ಳಿ. ಅದು ಆಗದಿದ್ದರೆ ಹರಾಜು ಬಿಟ್ಟು, ವಾರಂಟಿ ಕೊಟ್ಟು ಮಾರುವವರ ಹತ್ತಿರ ಹೋಗುವುದೇ ಲೇಸು. ಯಂತ್ರ ನಿಂತ ದಿನ ನಿಮ್ಮ ಕೆಲಸವೂ ನಿಲ್ಲುತ್ತದೆ ಅಲ್ವಾ?

ಗುಂಡಿ ಬಿದ್ದ ಅಂಗಳ, ಮಳೆಯಲ್ಲಿ ಕೆಲಸ: ಎಲೆಕ್ಟ್ರಿಕ್ ಯಾವುದೂ ಬೇಡ. ಗಾಳಿ ಟಯರಿನ ಡೀಸೆಲ್ ಯಂತ್ರ ನೋಡಿ.

ಕೂಗುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ. ಅಂಥದ್ದೇ ಸಿದ್ಧ ಯಂತ್ರ ನಿಮ್ಮಲ್ಲಿ ಎಷ್ಟಕ್ಕೆ ಸಿಗುತ್ತದೆ, ಮೇಲೆ ಬರೆಯಿರಿ. ಅದರಿಂದ ಬ್ಯಾಟರಿ, ಚಾರ್ಜರ್, ಸಾಗಣೆ, ಟಯರು, ಹೋಸ್, ಆಯಿಲ್, ಚೈನ್ ಒಂದೊಂದಾಗಿ ಕಳೆಯಿರಿ. ನಿಮಗೆ ಗೊತ್ತಿಲ್ಲದ ದೋಷಕ್ಕೆ ಅಂತ ಉಳಿದದ್ದರಲ್ಲಿ ಮೂರನೇ ಒಂದು ಪಾಲು ತೆಗೆದಿಡಿ. ಸತ್ತ ಬ್ಯಾಟರಿ ಇದ್ದರೆ ಅದರ ಸೀಸದ ಗುಜರಿ ಬೆಲೆ ಕೂಡಿಸಿ, ಅದು ಸಣ್ಣ ಮೊತ್ತ ಅಲ್ಲ. ಬಂದ ಅಂಕಿಯೇ ನಿಮ್ಮ ಕೊನೇ ಕೂಗು. ಹರಾಜಿನ ಬಿಸಿಯಲ್ಲಿ ಅದನ್ನು ದಾಟಬೇಡಿ.

ಸಾಗಣೆಯನ್ನು ಗೆದ್ದಮೇಲೆ ನೋಡೋಣ ಅಂತ ಬಿಡಬೇಡಿ. ಒಂದೂವರೆ ಟನ್ ಎತ್ತುವ ಯಂತ್ರ ತಾನೇ ಸುಮಾರು ಮೂರು ಟನ್ ತೂಗುತ್ತದೆ, ನೆಲಕ್ಕೂ ಹೊಟ್ಟೆಗೂ ನಡುವೆ ಕೆಲವೇ ಇಂಚು ಜಾಗ. ಸಾಮಾನ್ಯ ಟ್ರೇಲರಿನ ರ‍್ಯಾಂಪಿನಲ್ಲಿ ಹೊಟ್ಟೆ ತಾಗುತ್ತದೆ. ಬೆನ್ನು ಓರೆಯಾಗುವ ಲಾರಿ ಬೇಕು. ಓಡದ ಯಂತ್ರವಾದರೆ ವಿಂಚ್ ಬೇಕು. ಕರೆಂಟ್ ಇಲ್ಲದಾಗ ತಾನೇ ಹಿಡಿದುಕೊಳ್ಳುವ ಬ್ರೇಕ್ ಇದ್ದರೆ ಅದನ್ನು ಬಿಡಿಸುವ ವಿಧಾನ ಮೊದಲೇ ಓದಿಕೊಂಡಿರಿ. ತೆಗೆದುಕೊಂಡು ಹೋಗಲು ಕೊಡುವ ಗಡುವು ಸಾಮಾನ್ಯವಾಗಿ ಚಿಕ್ಕದು, ಮೀರಿದರೆ ದಂಡ ಅಥವಾ ಯಂತ್ರವೇ ಕೈತಪ್ಪುವ ಷರತ್ತು ಇರುತ್ತದೆ.

ಇನ್ನೊಂದು, ಪಟ್ಟಿಯನ್ನು ಪೂರ್ತಿ ಓದಿ. ಯಂತ್ರ ಒಂದು ಲಾಟಿನಲ್ಲಿ, ಅದರ ಚಾರ್ಜರ್ ಹತ್ತು ಪುಟ ಆಚೆ ‘ವಿದ್ಯುತ್ ಸಾಮಗ್ರಿ’ ಎಂಬ ಇನ್ನೊಂದು ಲಾಟಿನಲ್ಲಿ ಇರುವುದನ್ನು ನೋಡಿದ್ದೇನೆ. ಕೀ, ಕೈಪಿಡಿ, ಸರ್ವಿಸ್ ಪುಸ್ತಕ ಕಚೇರಿಯ ಯಾವುದೋ ಡ್ರಾಯರಿನಲ್ಲಿರುತ್ತವೆ. ಯಂತ್ರ ಲಾರಿ ಹತ್ತುವ ಮುಂಚೆ ಉಗ್ರಾಣ ನೋಡಿಕೊಳ್ಳುವವರನ್ನು ಕಂಡು ಕೇಳಿ.